ಒಂದೇ ಕಿಕ್ಕಿನ ಮನೆತನ

ನಮ್ಮ ಮನೆತನಕ್ಕೆ ಆಸ್ತಿಯ ಹೆಸರಿರಲಿಲ್ಲ, ಹುದ್ದೆಯ ಹೆಸರಿರಲಿಲ್ಲ. ಇದ್ದ ಕೀರ್ತಿ ಒಂದೇ. ನಮ್ಮ ಸ್ಕೂಟರ್ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು.

ಇದನ್ನು ಸಣ್ಣ ವಿಷಯ ಎಂದು ಯಾರೂ ತಿಳಿಯಬಾರದು. ಸಿದ್ಧಕಟ್ಟೆಯ ಬಸ್ ನಿಲ್ದಾಣದ ಎದುರಿಗೇ ನಮ್ಮ ಮನೆ. ಬೆಳಿಗ್ಗೆ ಬಂಟ್ವಾಳದ ಬಸ್ಸಿಗೆ ಕಾಯುವವರು ರಸ್ತೆಯ ಒಂದು ಬದಿ, ಮೂಡುಬಿದಿರೆಯ ಬಸ್ಸಿಗೆ ಕಾಯುವವರು ಇನ್ನೊಂದು ಬದಿ. ಈ ಇಬ್ಬದಿಯ ಪ್ರೇಕ್ಷಕರ ನಡುವೆ ನನ್ನ ಅಪ್ಪ ಕೃಷ್ಣಕುಮಾರರು ಸ್ಕೂಟರನ್ನು ಗೇಟಿನ ಹೊರಗೆ ತಂದು ನಿಲ್ಲಿಸಿ, ಸೀಟು ಒರೆಸಿ, ಎಡಕ್ಕೂ ಬಲಕ್ಕೂ ಒಮ್ಮೆ ನೋಡುತ್ತಿದ್ದರು. ವಾಹನ ಬರುತ್ತಿದೆಯೇ ಎಂದಲ್ಲ, ಜನ ಸಾಕಷ್ಟು ಇದ್ದಾರೆಯೇ ಎಂದು. ಕಡಿಮೆ ಇದ್ದರೆ ಕನ್ನಡಿಯನ್ನು ಇನ್ನೊಮ್ಮೆ ಒರೆಸುತ್ತಿದ್ದರು. ಆಮೇಲೆ ಒಂದು ಕಿಕ್. ಕಿಕ್ ಎನ್ನುವುದೂ ತಪ್ಪು, ಅದು ಪಾದಸ್ಪರ್ಶ. ಸ್ಕೂಟರ್ ‘ಅಪ್ಪಣೆ’ ಎಂದಂತೆ ಗುಡುಗುಡು ಎನ್ನುತ್ತಿತ್ತು. ಪಕ್ಕದಲ್ಲಿ ಬಾಡಿಗೆ ಜೀಪನ್ನು ಪ್ರಯಾಣಿಕರಿಂದಲೇ ತಳ್ಳಿಸುತ್ತಿದ್ದ ಮಾಯಿಲಪ್ಪಣ್ಣ ಒಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರು ಕಿವಿಗೆ ಬೀಳದೆ ಅಪ್ಪ ಗೇರ್ ಹಾಕುತ್ತಿರಲಿಲ್ಲ.

ಅಪ್ಪ ಸಹಕಾರಿ ಸಂಘದ ಪಿಗ್ಮಿ ಸಂಗ್ರಾಹಕರು. ಅಂದರೆ ದಿನವೂ ಅಂಗಡಿ ಅಂಗಡಿಗೆ ಹೋಗಿ, ಅಂಗಡಿಯವರ ಚಿಲ್ಲರೆ ಉಳಿತಾಯವನ್ನು ಪಡೆದು ಸಂಘಕ್ಕೆ ಕಟ್ಟುವವರು. ಅವರ ಸ್ಕೂಟರಿನ ಶಬ್ದ ದೂರದಿಂದಲೇ ಎಲ್ಲರಿಗೂ ಗುರುತು. ಶಬ್ದ ಕೇಳಿದ ಕೂಡಲೇ ಕೆಲವರು ಹಣ ತೆಗೆದಿಡುತ್ತಿದ್ದರು, ಕೆಲವರು ಊಟಕ್ಕೆ ಹೋಗುತ್ತಿದ್ದರು. (ಬೆಳಿಗ್ಗೆ ಹತ್ತು ಗಂಟೆಗೂ ಊಟಕ್ಕೆ ಹೋದವರಿದ್ದಾರೆ.)

ಅಮ್ಮನ ಹೆಮ್ಮೆ ಬೇರೆ. ಅದು ತೆಂಗಿನೆಣ್ಣೆ. ಅಮ್ಮ, ಅಂದರೆ ಶಶಿಪ್ರಭಾ, ತಾರಸಿಯ ಮೇಲೆ ಕೊಬ್ಬರಿ ಒಣಗಿಸುವಾಗ ಕಾಗೆಗಳು ನಮ್ಮ ಮನೆಯ ಮೇಲೆ ಹಾರುವುದನ್ನೇ ಬಿಟ್ಟಿದ್ದವು. ಮಿಲ್ಲಿಗೆ ಹೋದರೆ ಹಿಂದಿನವರ ಕೊಬ್ಬರಿಯ ಚೂರು ಯಂತ್ರದಲ್ಲಿ ಉಳಿದಿದೆಯೇ ಎಂದು ಬಗ್ಗಿ ನೋಡಿ, ಒರೆಸಿಸಿ, ಮತ್ತೆ ಬಗ್ಗಿ ನೋಡಿ, ಮಿಲ್ಲಿನವರು ಕೈಮುಗಿದ ಮೇಲೆಯೇ ತಮ್ಮ ಚೀಲ ಬಿಚ್ಚುತ್ತಿದ್ದರು. ಆ ಎಣ್ಣೆಯ ಬಾಟ್ಲಿಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸ ನನ್ನದು.

ನಾನು ಶ್ರಾವ್ಯಾ, ಇವರ ಒಬ್ಬಳೇ ಮಗಳು. ವಿಜ್ಞಾನದ ಪ್ರಶ್ನೆಪತ್ರಿಕೆಯೂ ನಾನೂ ಎರಡು ಸಲ ಮುಖಾಮುಖಿಯಾಗಿ, ಎರಡು ಸಲವೂ ಅದೇ ಗೆದ್ದ ಮೇಲೆ ನಾನು ಶಾಲೆಯ ಹಾದಿ ಬಿಟ್ಟು ಮನೆಯಲ್ಲಿದ್ದೆ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಆದರೆ ಕೈಗೆ ಕೊಟ್ಟ ಕೆಲಸ ಮಾತ್ರ ಅಚ್ಚುಕಟ್ಟು ಎಂದು ನಾನೇ ಹೇಳಿಕೊಳ್ಳಬೇಕು (ಬೇರೆಯವರು ಹೇಳುವುದಿಲ್ಲವಲ್ಲ). ಹಾಗಾಗಿ ನಮ್ಮ ಮನೆಯ ಎರಡೂ ಹೆಮ್ಮೆಗಳ ಪಾಲನೆ ಪೋಷಣೆ ನನ್ನ ಪಾಲಿಗೆ ಬಂದಿತ್ತು. ಸ್ಕೂಟರ್ ತೊಳೆಯುವವಳು ನಾನು, ಎಣ್ಣೆ ಸೋಸುವವಳೂ ನಾನೇ.

ಹೀಗೆ ನಾವು ಸುಖವಾಗಿದ್ದಾಗ ಊರಿಗೆ ಸೂಪರ್ ಮಾರ್ಕೆಟ್ ಬಂತು.

ಅಬ್ದುಲ್ ಶುಕೂರ್ ಸಾಹೇಬರು ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಅಲ್ಲಿ ಪೆಟ್ರೋಲ್ ಬಂಕ್ ಇದ್ದಲ್ಲಿ ಅಂಗಡಿಯೂ ಇರುತ್ತದಂತೆ. ಗಾಡಿಗೆ ಕುಡಿಸಲು ಹೋದವರು ಮಕ್ಕಳಿಗೆ ತಿನ್ನಿಸಲೂ ಏನಾದರೂ ಹಿಡಿದುಕೊಂಡೇ ಬರುತ್ತಾರಂತೆ. ಅದೇ ಮಾದರಿಯಲ್ಲಿ ಅವರು ಸಿದ್ಧಕಟ್ಟೆಯಲ್ಲಿ ಒಂದು ಸೂಪರ್ ಮಾರ್ಕೆಟ್ ಕಟ್ಟಿಸಿ, ಅದರ ಅಂಗಳದಲ್ಲೇ ಪೆಟ್ರೋಲ್ ಬಂಕ್ ಇಟ್ಟರು. ಬುಟ್ಟಿ ಹಿಡಿದು ನಾವೇ ಸಾಮಾನು ತೆಗೆದುಕೊಳ್ಳುವ ಅಂಗಡಿಯನ್ನು ನಮ್ಮ ಊರು ಅದೇ ಮೊದಲು ಕಂಡದ್ದು. ಆರಂಭದಲ್ಲಿ ಜನ ಒಂದು ಸಾಬೂನು ಎತ್ತಿಕೊಂಡರೂ ‘ತೆಗೆದದ್ದು ನೋಡಿದ್ರಲ್ಲ’ ಎಂದು ಮೂರು ಮಂದಿಗೆ ತೋರಿಸಿ ಬುಟ್ಟಿಗೆ ಹಾಕುತ್ತಿದ್ದರು.

ಅಮ್ಮನಿಗೆ ಈ ಅಂಗಡಿಯ ಮೇಲೆ ವಿಶೇಷ ಪ್ರೀತಿ. ಶುಕೂರ್ ಸಾಹೇಬರು ಅಮ್ಮನ ಎಣ್ಣೆಯನ್ನು ಒಂದು ಸಲ ಮೂಸಿ ನೋಡಿ, “ಅಕ್ಕ, ಇದು ನನ್ನ ಶೆಲ್ಫಿನಲ್ಲಿ ಇರ್ಬೇಕು” ಎಂದಿದ್ದರು. ಅಂದಿನಿಂದ ಅಮ್ಮನ ಬಾಟ್ಲಿಗಳು ದೊಡ್ಡ ದೊಡ್ಡ ಕಂಪೆನಿಗಳ ಡಬ್ಬಿಗಳ ನಡುವೆ, ಕಣ್ಣಿನ ಎತ್ತರದ ಶೆಲ್ಫಿನಲ್ಲಿ, ನನ್ನ ಕೈಬರಹದ ಚೀಟಿ ಹೊತ್ತು ನಿಂತವು. ಅಮ್ಮ ಉಪ್ಪು ತರುವ ನೆಪದಲ್ಲಿ ಹೋಗಿ ಅವುಗಳನ್ನು ನೋಡಿ ಬರುತ್ತಿದ್ದರು. ನಮ್ಮಲ್ಲಿ ಆಗ ಶೇಖರವಾದ ಉಪ್ಪು ಈಗಲೂ ಮುಗಿದಿಲ್ಲ.

ಅಪ್ಪನಿಗೆ ಮಾತ್ರ ಆ ಬಂಕ್ ಕಂಡರಾಗುತ್ತಿರಲಿಲ್ಲ. ಮೊದಲ ದೂರು ದರದ್ದು.

“ಶುಕೂರ್ ಸಾಹೇಬ್ರೇ, ಮೂಡುಬಿದಿರೆಯಲ್ಲಿ ಲೀಟರಿಗೆ ಇದಕ್ಕಿಂತ ಕಡಿಮೆ ಉಂಟಲ್ಲ?”

“ಅಲ್ಲಿಂದ ಇಲ್ಲಿಗೆ ಟ್ಯಾಂಕರ್ ನಡ್ಕೊಂಡು ಬರ್ತದಾ ಕುಮಾರಣ್ಣ? ಅದಕ್ಕೂ ಎಣ್ಣೆ ಬೇಡ್ವಾ?”

“ಗಲ್ಫಿನಲ್ಲಿ ನೀರಿಗಿಂತ ಪೆಟ್ರೋಲಿಗೆ ಕ್ರಯ ಕಡಿಮೆ ಅಂತ ನೀವೇ ಹೇಳಿದ್ದು.”

“ಹಾಗಾದ್ರೆ ನಿಮಗೆ ಒಂದು ಲೀಟರ್ ನೀರು ಹಾಕುವನಾ?” ಎಂದು ಸಾಹೇಬರು ನಕ್ಕರು.

ಅಪ್ಪ ನಗಲಿಲ್ಲ. ಅಂದಿನಿಂದ ಪೆಟ್ರೋಲ್ ಹಾಕಿಸಲು ಮೂಡುಬಿದಿರೆಗೇ ಹೋಗಲು ಶುರುಮಾಡಿದರು. ಹೋಗಿ ಬರುವಷ್ಟರಲ್ಲಿ ಉಳಿಸಿದ ಪೈಸೆಯ ಹತ್ತು ಪಟ್ಟು ಪೆಟ್ರೋಲ್ ಹೊಗೆಯಾಗಿ ದಾರಿಯ ಗಾಳಿಗೆ ಸೇರುತ್ತಿತ್ತು. “ಪೈಸೆ ಉಳಿಸ್ಲಿಕ್ಕೆ ರೂಪಾಯಿ ಸುಟ್ಟು ಬರುವ ಪಿಗ್ಮಿಯವರನ್ನು ನಾನು ಬೇರೆಲ್ಲಿಯೂ ನೋಡ್ಲಿಲ್ಲ” ಎಂದು ಅಮ್ಮ ಹೇಳಿದ ಮೇಲೆ ಅಪ್ಪ ವಿಧಿಯಿಲ್ಲದೆ ಸೂಪರ್ ಮಾರ್ಕೆಟಿಗೇ ಮರಳಿದರು. ಆದರೆ ಈಗ ದೂರು ದರದಿಂದ ಗುಣಮಟ್ಟಕ್ಕೆ ದಾಟಿತು.

“ಬೇಳೆಯಲ್ಲಿ ಕಲ್ಲು ಬರ್ತದೆ, ಚಾಹುಡಿಯಲ್ಲಿ ಮರದ ಹುಡಿ ಬರ್ತದೆ. ಸಾಮಾನಿನ ಅಂಗಡಿಯಲ್ಲಿ ಪೆಟ್ರೋಲ್ ಇಟ್ಟರೆ ಅದರಲ್ಲಿ ಎಂತ ಬರ್ತದೆ ಅಂತ ಯಾರಿಗೆ ಗೊತ್ತುಂಟು?” ಎಂದು ಅಪ್ಪ ಎಲ್ಲರನ್ನೂ ಕೇಳುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ. ಆದುದರಿಂದ ಎಲ್ಲರೂ ಹೌದು ಹೌದು ಎನ್ನುತ್ತಿದ್ದರು.

ಇಲ್ಲಿ ನನ್ನದೊಂದು ಅಚ್ಚುಕಟ್ಟಾದ ಕೆಲಸದ ಬಗ್ಗೆ ಹೇಳಬೇಕು. ನಮ್ಮದು ಎರಡು ಸ್ಟ್ರೋಕಿನ ಸ್ಕೂಟರ್. ಅದಕ್ಕೆ ಬರೀ ಪೆಟ್ರೋಲ್ ಸಾಲದು, ಜೊತೆಗೆ ಸ್ವಲ್ಪ ಎಂಜಿನ್ ಎಣ್ಣೆಯನ್ನೂ ಬೆರೆಸಬೇಕು. ಬಂಕಿನವರು ಬೆರೆಸಿದರೆ ಅಪ್ಪನಿಗೆ ನಂಬಿಕೆಯಿಲ್ಲ. ಡಬ್ಬಿ ತಂದು ಮನೆಯಲ್ಲಿಟ್ಟು, ನಾನೇ ಮುಚ್ಚಳದಲ್ಲಿ ಅಳೆದು, ಟ್ಯಾಂಕಿಗೆ ಸುರಿದು, ಸ್ಕೂಟರನ್ನು ತೊಟ್ಟಿಲಿನಂತೆ ಹಗುರವಾಗಿ ಅಲುಗಿಸುವುದು ಕ್ರಮ. ನವರಾತ್ರಿಯ ಹೊತ್ತಿಗೆ ಆ ಡಬ್ಬಿ ಖಾಲಿಯಾಯಿತು.

“ಅಪ್ಪಾ, ಗಾಡಿಯ ಎಣ್ಣೆ ಮುಗಿದಿದೆ. ಸೂಪರ್ ಮಾರ್ಕೆಟಿನಲ್ಲಿ ಉಂಟಂತೆ, ತರ್ಲಾ?” ಎಂದೆ.

ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. “ಪೆಟ್ರೋಲೇ ಸಂಶಯ, ಇನ್ನು ಅವರ ಎಣ್ಣೆ ಬೇರೆಯಾ? ಬೇಡ. ಅಲ್ಲಿಯದ್ದು ಒಂದು ತೊಟ್ಟು ಹಾಕ್ಬೇಡ. ಶುದ್ಧವಾದದ್ದು ಎಲ್ಲಿ ಸಿಗ್ತದೆ ನೋಡಿ ಹಾಕು.”

ಶುದ್ಧವಾದದ್ದು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಯೋಚಿಸಿದೆ. ದುಡುಕುವ ಸ್ವಭಾವ ನನ್ನದಲ್ಲ. ಬಾಗಿಲ ತಿರುಗಣಿ ಕಿರುಗುಟ್ಟಿದರೆ ನಾವು ಹಾಕುವುದು ಅಮ್ಮನ ತೆಂಗಿನೆಣ್ಣೆ. ಹೊಲಿಗೆ ಯಂತ್ರಕ್ಕೂ ಅದೇ, ಬಾವಿಯ ರಾಟೆಗೂ ಅದೇ, ಅಪ್ಪನ ಮೊಣಕಾಲಿಗೂ ಅದೇ. ತಿರುಗುವುದು, ಮಡಚುವುದು, ಜಾರುವುದು ಏನೇ ಇದ್ದರೂ ನಮ್ಮ ಮನೆಯಲ್ಲಿ ಅದಕ್ಕೊಂದೇ ಮದ್ದು. ಹೀಗಿರುವಾಗ ಈ ಮನೆಯ ಕೀರ್ತಿಯನ್ನೇ ಹೊತ್ತು ತಿರುಗುವ ಸ್ಕೂಟರಿಗೆ ಮಾತ್ರ ಯಾರೋ ಮಾಡಿದ, ನೀಲಿ ಬಣ್ಣದ, ನಾರುವ ಎಣ್ಣೆ ಯಾಕೆ?

ಬಿಳಿ ಪಂಚೆಯ ತುಂಡಿನಲ್ಲಿ ಮೂರು ಸಲ ಸೋಸಿದೆ. ಅದೇ ಮುಚ್ಚಳದಲ್ಲಿ, ಅದೇ ಅಳತೆಯಲ್ಲಿ ಹಾಕಿದೆ. ಮರುದಿನ ಸ್ಕೂಟರ್ ಒಂದೇ ಕಿಕ್ಕಿಗೆ ಎದ್ದಿತು. ಎದ್ದದ್ದು ಮಾತ್ರವಲ್ಲ, ಹೊಗೆಯಿಂದ ಹಪ್ಪಳ ಕಾಯಿಸುವ ಪರಿಮಳ ಬಂತು. ಬಸ್ಸಿಗೆ ಕಾಯುವವರು ಮೂಗರಳಿಸಿ ನಮ್ಮ ಅಡಿಗೆಮನೆಯ ಕಡೆ ನೋಡಿದರು. ಸಂಜೆ ಅಪ್ಪ, “ಈಗ ಗಾಡಿ ಬೆಣ್ಣೆಯ ಹಾಗೆ ಓಡ್ತದೆ. ಎಣ್ಣೆ ಒಳ್ಳೇದು ಸಿಕ್ಕಿದೆ ನಿನಗೆ” ಎಂದರು. ನಾನು ನಾಚಿ ಒಳಗೆ ಹೋದೆ. ಹೊಗಳಿಕೆಯನ್ನು ನಿಂತು ಕೇಳುವ ಧೈರ್ಯ ನನಗಿಲ್ಲ. ಬಾಗಿಲ ಹಿಂದೆ ನಿಂತು ಕೇಳಿದೆ.

ನವೆಂಬರ್ ಕಳೆಯಿತು. ಡಿಸೆಂಬರ್ ಬಂತು, ಜೊತೆಗೆ ಚಳಿ. ನಮ್ಮ ಕಡೆಯ ಚಳಿ ಎಂದರೆ ಅಂಥದ್ದೇನಿಲ್ಲ. ಬೆಳಗ್ಗಿನ ಹೊತ್ತು ಎರಡು ಗಂಟೆಯ ಮಟ್ಟಿಗೆ ಬರುವ ಅತಿಥಿ. ಆದರೆ ಆ ಅತಿಥಿ ಬಂದ ಮೊದಲ ಬೆಳಿಗ್ಗೆಯೇ ನಮ್ಮ ಮನೆತನದ ಮೇಲೆ ಸಿಡಿಲು ಬಡಿಯಿತು.

ಅಪ್ಪ ಎಂದಿನಂತೆ ಸೀಟು ಒರೆಸಿದರು. ಜನ ಇದ್ದಾರೆಯೇ ಎಂದು ನೋಡಿದರು. ಪಾದಸ್ಪರ್ಶ ಮಾಡಿದರು. ಸ್ಕೂಟರ್ ಸುಮ್ಮನಿತ್ತು.

ಇನ್ನೊಂದು ಕಿಕ್. ‘ಫುಸ್’ ಎಂದಿತು. ಮತ್ತೊಂದು. ಅಪ್ಪ ಅಂಗಿಯ ತೋಳು ಮಡಚಿದರು. ನಾನು ಗೇಟಿನ ಹಿಂದೆ ಲೆಕ್ಕ ಇಡುತ್ತಿದ್ದೆ. ಎರಡಂಕಿಗೆ ಹೋದ ಮೇಲೆ ಗೌರವಕ್ಕಾಗಿ ಬಿಟ್ಟುಬಿಟ್ಟೆ. ಒಂದು ಒದೆತಕ್ಕೆ ಅಪ್ಪನ ಚಪ್ಪಲಿ ಹಾರಿ ಮೂಡುಬಿದಿರೆಯ ಬದಿಯ ಪ್ರೇಕ್ಷಕರ ನಡುವೆ ಬಿತ್ತು. ಯಾರೋ ಪುಣ್ಯಾತ್ಮರು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಆಗ ಕೇಳಿತು, ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದ ಮಾಯಿಲಪ್ಪಣ್ಣನ ಧ್ವನಿ.

“ತಳ್ಳುದಾ ಕುಮಾರಣ್ಣ? ನಮ್ಮವರಿಗೆ ಅಭ್ಯಾಸ ಉಂಟು.”

ಆ ದಿನ ಅಪ್ಪ ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. ವಿಚಿತ್ರವೆಂದರೆ ಬಿಸಿಲೇರಿದ ಮೇಲೆ ಸ್ಕೂಟರ್ ಮತ್ತೆ ಒಂದೇ ಕಿಕ್ಕಿಗೆ ಎದ್ದಿತು. ಮರುದಿನ ಬೆಳಿಗ್ಗೆ ಮತ್ತೆ ಮೌನವ್ರತ, ಬಿಸಿಲೇರಿದ ಮೇಲೆ ಮಾತು. ಇದೇ ದಿನಚರಿಯಾಯಿತು. ಅಪ್ಪನ ತೀರ್ಮಾನ ಸಿದ್ಧವಿತ್ತು: ಪೆಟ್ರೋಲಿಗೆ ಏನೋ ಬೆರೆಸುತ್ತಾರೆ. ಒಮ್ಮೆ ಮೂಡುಬಿದಿರೆಯಿಂದ ಪೆಟ್ರೋಲ್ ತಂದು ಹಾಕಿದರು. ಮರುದಿನ ಅದೇ ಕಥೆ.

“ಈಗ ಎಂತ ಹೇಳ್ತೀರಿ?” ಎಂದರು ಅಮ್ಮ.

“ಸೂಪರ್ ಮಾರ್ಕೆಟಿನದ್ದು ಅಡಿಯಲ್ಲಿ ಸ್ವಲ್ಪ ಉಳಿದಿತ್ತು. ಒಳ್ಳೆಯದನ್ನೂ ಹಾಳು ಮಾಡಿತು.”

“ಹೌದು, ಪೋಕರಿ ಮಕ್ಕಳ ಹಾಗೆ.”

ನಾನು ಪಾಪ, ಸ್ಕೂಟರಿನ ಆರೋಗ್ಯ ಕೆಟ್ಟಿದೆಯೆಂದು ಮರುಗಿ, ಪಥ್ಯಕ್ಕೆ ಎಂಬಂತೆ ಎಣ್ಣೆಯ ಅಳತೆಯನ್ನು ಅರ್ಧ ಮುಚ್ಚಳ ಹೆಚ್ಚಿಸಿದೆ.

ಅಷ್ಟರಲ್ಲಿ ಅಪ್ಪ ಹೋರಾಟಕ್ಕಿಳಿದಾಗಿತ್ತು. ‘ಸಿದ್ಧಕಟ್ಟೆ ವಾಹನ ಚಾಲಕರ ಹಿತರಕ್ಷಣಾ ವೇದಿಕೆ’ ಸ್ಥಾಪನೆಯಾಯಿತು. ಅಪ್ಪ ಅಧ್ಯಕ್ಷರು, ಮಾಯಿಲಪ್ಪಣ್ಣ ಉಳಿದ ಎಲ್ಲವೂ. ಜೀಪು ಎಲ್ಲಿ ಕೆಟ್ಟು ನಿಲ್ಲುತ್ತದೋ ಅಲ್ಲಿ ಸಭೆ. ಹಾಗಾಗಿ ಸಭೆಗಳು ಆಗಾಗ ನಡೆಯುತ್ತಿದ್ದವು.

“ನನ್ನ ಜೀಪು ಹಾಳಾದದ್ದೇ ಈ ಸೂಪರ್ ಮಾರ್ಕೆಟ್ ಪೆಟ್ರೋಲಿನಿಂದ” ಎಂದು ಮಾಯಿಲಪ್ಪಣ್ಣ ಘೋಷಿಸಿದರು.

ಚಹಾ ಕೊಡಲು ಹೋಗಿದ್ದ ನಾನು ಮೆಲ್ಲನೆ ಕೇಳಿದೆ, “ಮಾವ, ನಿಮ್ಮ ಜೀಪು ಡೀಸೆಲಿನದ್ದಲ್ವಾ?”

“ಪಕ್ಕದ ಪೈಪಿನಲ್ಲೇ ಬರುದಲ್ವಾ ಮಗಾ! ಅದರ ಗಾಳಿ ಇದಕ್ಕೆ ತಾಗುದಿಲ್ವಾ?”

ವೇದಿಕೆಯ ಮೊದಲ ನಿರ್ಣಯ ನಮ್ಮ ಮನೆಯ ಮೇಲೆಯೇ ಬಿತ್ತು.

“ಇನ್ನು ಆ ಅಂಗಡಿಗೆ ನಮ್ಮ ಮನೆಯಿಂದ ಒಂದು ಬಾಟ್ಲಿ ಎಣ್ಣೆಯೂ ಹೋಗ್ಬಾರ್ದು” ಎಂದರು ಅಪ್ಪ.

“ಯಾಕೆ? ನನ್ನ ಎಣ್ಣೆ ಎಂತ ಮಾಡಿದೆ?”

“ನಾನು ಊರಿಡೀ ಅವರದ್ದು ಕಲಬೆರಕೆ ಅಂತ ಹೇಳ್ತಾ ಇದ್ದೇನೆ. ನೀನು ಅಲ್ಲಿಯೇ ಎಣ್ಣೆ ಮಾರ್ತಾ ಕೂತರೆ ನನ್ನ ಮರ್ಯಾದೆ ಎಂತ ಆಗ್ಬೇಕು?”

“ನಿಮ್ಮ ಮರ್ಯಾದೆ ಆ ಕಿಕ್ಕಿನಲ್ಲಿ ಉಂಟು, ದಿನಾ ಒದ್ದು ಒದ್ದು ನೋಡ್ತೀರಿ. ನನ್ನ ಮರ್ಯಾದೆ ಆ ಶೆಲ್ಫಿನಲ್ಲಿ ಉಂಟು. ಅಲ್ಲಿಂದ ಇಳಿಸ್ಲಿಕ್ಕೆ ನಾನು ಬಿಡುದಿಲ್ಲ.”

“ಕಲಬೆರಕೆಯವರ ಶೆಲ್ಫು ಅದು!”

“ಸಾಬೀತು ಮಾಡಿ. ಮಾಡಿದ್ರೆ ನಾನೇ ಹೋಗಿ ನನ್ನ ಕೈಯಾರೆ ಬಾಟ್ಲಿ ಇಳಿಸಿ ತರ್ತೇನೆ. ಇಲ್ಲದಿದ್ರೆ ನೀವು ಬಾಯಿ ಮುಚ್ಚಿ, ಆ ಗಾಡಿಯನ್ನು ಬಂಕಿನಿಂದ ಮನೆವರೆಗೆ ತಳ್ಳಿಕೊಂಡು ಬರ್ಬೇಕು. ಬಸ್ಸು ಬರುವ ಹೊತ್ತಿಗೇ.”

ಅಪ್ಪ ಒಪ್ಪಿದರು. ಆದರೆ ಸಾಬೀತು ಮಾಡುವುದು ಹೇಗೆ ಎಂದು ಅವರಿಗೆ ಗೊತ್ತಿರಲಿಲ್ಲ. ದಾರಿ ತೋರಿಸಿದವಳು ನಾನು. ಬೋರ್ಡುಗಳನ್ನು ಕೊನೆಯ ಸಾಲಿನವರೆಗೆ ಓದುವ ಅಭ್ಯಾಸ ನನಗೆ. ಬಂಕಿನ ಗೋಡೆಯ ಮೇಲೆಯೇ ಬರೆದಿತ್ತು: ಗುಣಮಟ್ಟದ ಬಗ್ಗೆ ಸಂಶಯವಿದ್ದಲ್ಲಿ ಗ್ರಾಹಕರು ಫಿಲ್ಟರ್ ಪೇಪರ್ ಪರೀಕ್ಷೆ ಕೇಳಬಹುದು. ಬಿಳಿ ಕಾಗದದ ಮೇಲೆ ಒಂದು ಹನಿ ಪೆಟ್ರೋಲ್ ಹಾಕಬೇಕು. ಶುದ್ಧವಾಗಿದ್ದರೆ ಕಲೆಯಿಲ್ಲದೆ ಆರಿಹೋಗುತ್ತದೆ, ಬೆರಕೆಯಿದ್ದರೆ ಕಲೆ ಉಳಿಯುತ್ತದೆ.

“ಭಲೇ ಮಗಳೇ!” ಎಂದರು ಅಪ್ಪ. “ಪರೀಕ್ಷೆ ನೀನೇ ಮಾಡು. ನಿನ್ನ ಕೈ ನಡುಗುದಿಲ್ಲ.” (ಕೈ ನಡುಗುವುದಿಲ್ಲ, ನಿಜ. ಉಳಿದದ್ದೆಲ್ಲ ನಡುಗುತ್ತದೆ.)

ಆದಿತ್ಯವಾರ ಬೆಳಿಗ್ಗೆ, ಚಳಿ ಇನ್ನೂ ಇರುವಾಗಲೇ ವೇದಿಕೆಯು ಬಂಕಿಗೆ ದಂಡೆತ್ತಿ ಹೋಯಿತು. ಸ್ಟಾರ್ಟ್ ಆಗದ ಸ್ಕೂಟರನ್ನು ಸ್ಟಾರ್ಟ್ ಆಗದ ಜೀಪಿನ ಜನರು ತಳ್ಳಿಕೊಂಡು ಬಂದರು. ಶುಕೂರ್ ಸಾಹೇಬರು ಸಿಟ್ಟಾಗಲಿಲ್ಲ. ಕುರ್ಚಿ ಹಾಕಿಸಿದರು, ಶರಬತ್ತು ತರಿಸಿದರು.

“ಬೇಡ. ಕುಡಿದ್ರೆ ಪಕ್ಷಪಾತ ಆಗ್ತದೆ” ಎಂದರು ಅಪ್ಪ.

“ನಿಮ್ಮದು ನಾನೇ ಕುಡೀತೇನೆ” ಎಂದು ಮಾಯಿಲಪ್ಪಣ್ಣ ಇಬ್ಬರ ಪಕ್ಷಪಾತವನ್ನೂ ಕುಡಿದು ಮುಗಿಸಿದರು.

“ಕುಮಾರಣ್ಣ,” ಎಂದರು ಸಾಹೇಬರು, ಈ ಸಲ ನಗದೆ. “ಕ್ರಯ ಹೆಚ್ಚು ಅಂತ ಹೇಳಿ, ನಾನು ಕೇಳ್ತೇನೆ. ಆದ್ರೆ ಕಲಬೆರಕೆ ಅಂತ ಹೇಳಿದ್ರಿ. ಕಾಗದದಲ್ಲಿ ಕಲೆ ಬಂದ್ರೆ ನಾಳೆಯಿಂದ ಈ ಬಂಕಿಗೆ ಬೀಗ.”

ಅಮ್ಮ ಅಂಗಡಿಯ ಗಾಜಿನ ಬಾಗಿಲಿನ ಹತ್ತಿರ ಖಾಲಿ ಚೀಲ ಹಿಡಿದು ನಿಂತಿದ್ದರು. ಬಾಟ್ಲಿ ಇಳಿಸಬೇಕಾಗಿ ಬಂದರೆ ಎಂದು ತಂದ ಚೀಲ.

ಬಂಕಿನ ಹುಕ್ರಪ್ಪ ಪೈಪಿನ ತುದಿ ಹಿಡಿದ. ನಾನು ಎಲ್ಲರ ಕಡೆ ಬೆನ್ನು ಹಾಕಿ, ಕಾಗದವನ್ನು ಅಂಗೈಯಲ್ಲಿ ಚಪ್ಪಟೆಯಾಗಿ ಹಿಡಿದೆ. ಒಂದು ಹನಿ ಬಿತ್ತು. ಜನ ಉಸಿರು ಹಿಡಿದರು. ಹನಿ ಹರಡಿತು, ಕಿರಿದಾಯಿತು, ಅಂಚಿನಿಂದ ಆರಿತು, ಇಲ್ಲವಾಯಿತು. ಕಾಗದ ಮೊದಲಿಗಿಂತ ಬೆಳ್ಳಗೆ ಕಂಡಿತು.

“ಇನ್ನೊಮ್ಮೆ” ಎಂದರು ಮಾಯಿಲಪ್ಪಣ್ಣ. ಇನ್ನೊಮ್ಮೆಯೂ ಹಾಗೆಯೇ.

ಅಪ್ಪನ ಮುಖ ಸಣ್ಣದಾಯಿತು. ಆದರೆ ನಮ್ಮ ಮನೆತನ ಅಷ್ಟು ಸುಲಭಕ್ಕೆ ಸೋಲುವುದಲ್ಲ. “ಇದು ಪರೀಕ್ಷೆಗೆ ಅಂತ ಇಟ್ಟ ಪೆಟ್ರೋಲ್!” ಎಂದರು ಅಪ್ಪ. “ನನಗೆ ಮಾರಿದ್ದು ಇಲ್ಲಿ, ನನ್ನ ಟ್ಯಾಂಕಿನಲ್ಲಿ ಉಂಟು. ಇದನ್ನು ನೋಡಿ!”

“ನೋಡುವ” ಎಂದರು ಸಾಹೇಬರು.

ನಾನು ಅಂಗಳ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿಯನ್ನು ಒರೆಸಿ, ನಮ್ಮ ಟ್ಯಾಂಕಿಗೆ ಅದ್ದಿ, ಹೊಸ ಕಾಗದದ ಮೇಲೆ ಒಂದು ಹನಿ ಬೀಳಿಸಿದೆ. ಹನಿ ಹರಡಿತು. ಕಾದೆವು. ಆರಲಿಲ್ಲ. ಇನ್ನೂ ಕಾದೆವು. ನೀರುದೋಸೆಯಂತೆ ದುಂಡಗೆ, ಆಚೆ ಬದಿ ಕಾಣುವಷ್ಟು ತೆಳ್ಳಗೆ ಒಂದು ಕಲೆ ಕಾಗದದಲ್ಲಿ ನಿಂತಿತು. ಆ ಕಲೆಯ ಮೂಲಕ ನೋಡಿದರೆ ಅಪ್ಪನ ಮುಖ ಮತ್ತೆ ದೊಡ್ಡದಾಗುವುದು ಕಾಣುತ್ತಿತ್ತು.

“ನೋಡಿ! ಎಲ್ಲರೂ ನೋಡಿ!” ಅಪ್ಪ ಕಾಗದವನ್ನು ಕಸಿದು ಬಾವುಟದಂತೆ ಎತ್ತಿ ಹಿಡಿದರು. “ಇಷ್ಟು ದಿನ ನನ್ನ ಗಾಡಿಗೆ ಕುಡಿಸಿದ್ದು ಇದನ್ನು!”

ಜನರಲ್ಲಿ ಗುಜುಗುಜು ಎದ್ದಿತು. ಸಾಹೇಬರ ಮುಖ ಬಿಳುಚಿತು. ಆಚೆ ಗಾಜಿನ ಬಾಗಿಲು ತೆರೆದು ಅಮ್ಮ ಒಳಗೆ ಹೋಗುವುದನ್ನು ನಾನು ಕಂಡೆ. ಕಣ್ಣಿನ ಎತ್ತರದ ಶೆಲ್ಫಿನ ಮುಂದೆ ನಿಂತು, ಒಂದೊಂದೇ ಬಾಟ್ಲಿಯನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಇಳಿಸತೊಡಗಿದರು. ನನ್ನ ಕೈಬರಹದ ಚೀಟಿಗಳು ಒಂದೊಂದಾಗಿ ಕೆಳಗೆ ಹೋದವು. ಗೆದ್ದದ್ದು ನಮ್ಮ ಮನೆಯೇ. ಆದರೂ ನಾನು ಆ ಕಡೆ ನೋಡಲಾರದೆ ಕೈಯಲ್ಲಿದ್ದ ಕಡ್ಡಿಯನ್ನು ಇನ್ನೊಮ್ಮೆ ಒರೆಸಿದೆ.

ಶುಕೂರ್ ಸಾಹೇಬರು ಕಾಗದವನ್ನು ಕೇಳಿ ಪಡೆದು, ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದರು. “ಎರಡು ಸ್ಟ್ರೋಕಿನ ಗಾಡಿ, ಎಣ್ಣೆಯ ಕಲೆ ಬರ್ಲಿ. ಆದ್ರೆ ಅದಕ್ಕೆ ನೀಲಿ ಬಣ್ಣ ಇರ್ಬೇಕು. ಇದಕ್ಕೆ ಬಣ್ಣವೇ ಇಲ್ಲ. ಇದು ಎಂತದೋ ಕೆಟ್ಟ ಎಣ್ಣೆ. ಕಲಬೆರಕೆ. ಕಮಟು ನಾತ ಬರ್ತಾ ಉಂಟು!”

ಗಾಜಿನ ಬಾಗಿಲು ಧಡ್ ಎಂದು ತೆರೆಯಿತು. ಅಮ್ಮ ಒಂದು ಕೈಯಲ್ಲಿ ಬಾಟ್ಲಿ ಹಿಡಿದೇ ಬಂದರು. ಎಣ್ಣೆಗೆ ಯಾರಾದರೂ ಕಮಟು ಎಂದರೆ, ಅದು ಯಾರದ್ದೇ ಎಣ್ಣೆಯಾಗಲಿ, ಅಮ್ಮನಿಗೆ ಮೂಸಿ ನೋಡದೆ ಇರಲಾಗುವುದಿಲ್ಲ.

“ಕೊಡಿ ಇಲ್ಲಿ.” ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಕಣ್ಣು ತೆರೆದಾಗ ಅದರಲ್ಲಿ ಬೆಂಕಿಯಿತ್ತು.

“ಕಮಟಾ? ಯಾರು ಹೇಳಿದ್ದು ಕಮಟು ಅಂತ? ಪೆಟ್ರೋಲಿನ ನಾತವನ್ನು ಇದರ ತಲೆಗೆ ಕಟ್ಬೇಡಿ! ಇದು ಬಿಸಿಲಿನಲ್ಲಿ ಒಣಗಿಸಿದ ಕೊಬ್ಬರಿ, ಒಂದು ಚೂರು ಹೊಗೆ ತಾಗಿದ್ದಲ್ಲ. ಮಿಲ್ಲಿನಲ್ಲಿ ಎದುರು ನಿಂತು ಮಾಡಿಸಿದ್ದು. ಇದನ್ನು ಕಲಬೆರಕೆ ಅಂತ ಹೇಳುವವರು ಈ ತಾಲೂಕಿನಲ್ಲೇ ಇಲ್ಲ. ಇದು ನನ್ನ ಎಣ್ಣೆ!”

ಬಂಕಿನಲ್ಲಿದ್ದವರೆಲ್ಲ ಅಮ್ಮನ ಕಡೆ ತಿರುಗಿದರು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ಕೂಡ ನಿಧಾನ ಮಾಡಿದಂತೆ ನನಗನಿಸಿತು.

“ನಿನ್ನ ಎಣ್ಣೆ...” ಅಪ್ಪನ ಧ್ವನಿ ಬಾವಿಯೊಳಗಿಂದ ಬಂತು, “ನನ್ನ ಟ್ಯಾಂಕಿನಲ್ಲಿ ಎಂತ ಮಾಡ್ತಾ ಉಂಟು?”

ಅಮ್ಮನಿಗೂ ಆಗಲೇ ಅದು ಹೊಳೆದದ್ದು. ಇಬ್ಬರೂ ಮೆಲ್ಲನೆ ತಿರುಗಿ ನನ್ನನ್ನು ನೋಡಿದರು. ಸಾಹೇಬರು ನೋಡಿದರು. ಮಾಯಿಲಪ್ಪಣ್ಣ, ಹುಕ್ರಪ್ಪ, ಜೀಪು ತಳ್ಳುವವರು, ಉಪ್ಪು ಬೆಲ್ಲಕ್ಕೆ ಬಂದವರು, ಎಲ್ಲರೂ ನೋಡಿದರು. ಇಷ್ಟು ಜನರ ಎದುರು ನಾನು ಬಾಯಿ ತೆರೆದದ್ದು ಹುಟ್ಟಿದ ಮೇಲೆ ಅದೇ ಮೊದಲು.

“ಮೂರು ಸಲ ಸೋಸಿಯೇ ಹಾಕಿದ್ದು” ಎಂದೆ.

ಎಲ್ಲರೂ ನೋಡುತ್ತಲೇ ಇದ್ದ ಕಾರಣ, ಇನ್ನೂ ಸ್ವಲ್ಪ ವಿವರ ಬೇಕೇನೋ ಎಂದು, “ಶುದ್ಧವಾದದ್ದು ಹಾಕು ಅಂತ ಅಪ್ಪ ಹೇಳಿದ್ರು” ಎಂದೂ ಸೇರಿಸಿದೆ.

ಹುಕ್ರಪ್ಪ ಸ್ಪ್ಯಾನರ್ ತಂದು, ಎಂಜಿನಿಗೆ ಪೆಟ್ರೋಲ್ ಉಣಿಸುವ ಕಾರ್ಬುರೇಟರ್ ಬಿಚ್ಚಿದ. ಒಳಗೆ ಪೆಟ್ರೋಲ್ ಆರಿಹೋಗಿ, ಉಳಿದ ಎಣ್ಣೆ ಚಳಿಗೆ ಹೆಪ್ಪುಗಟ್ಟಿ, ತುಪ್ಪದಂತೆ ಬೆಳ್ಳಗೆ ಕೂತಿತ್ತು. ಬಿಸಿಲು ಬಂದ ಮೇಲೆಯೇ ನಮ್ಮ ಸ್ಕೂಟರಿಗೆ ಯಾಕೆ ಜ್ಞಾನೋದಯವಾಗುತ್ತಿತ್ತು ಎಂದು ಎಲ್ಲರಿಗೂ ಒಂದೇ ಸಲ ತಿಳಿಯಿತು. ಮೊದಲು ನಕ್ಕವರು ಸಾಹೇಬರು. ಕುರ್ಚಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು.

“ಕುಮಾರಣ್ಣ, ನಾನು ಎಣ್ಣೆ ಬಾವಿಯ ಊರಲ್ಲಿ ಇದ್ದು ಬಂದವ. ಒಗ್ಗರಣೆ ಎಣ್ಣೆಯಲ್ಲಿ ಓಡುವ ಗಾಡಿ ಅಲ್ಲಿಯೂ ನೋಡ್ಲಿಲ್ಲ ಮಾರಾಯ್ರೆ!”

ಅಮ್ಮ ಮಾತ್ರ ನಗಲಿಲ್ಲ. ಆ ಬಿಳಿ ಗಟ್ಟಿಯಿಂದ ಒಂದು ಚೂರು ತೆಗೆದು ಹೆಬ್ಬೆರಳಲ್ಲಿ ಉಜ್ಜಿ ಎಲ್ಲರಿಗೂ ತೋರಿಸಿದರು. “ನೋಡಿ, ಹೇಗೆ ಹರಳು ಕಟ್ಟಿದೆ! ಬೇರೆ ಎಣ್ಣೆ ಬೆರೆತಿದ್ರೆ ಇಷ್ಟು ಚಂದ ಗಟ್ಟಿ ಆಗ್ತದಾ? ಎಂಜಿನ್ ಒಳಗೆ ಹೋದ್ರೂ ನನ್ನ ಎಣ್ಣೆ ಗುಣ ಬಿಡ್ಲಿಲ್ಲ!”

“ಅದು ಹೌದು” ಎಂದರು ಮಾಯಿಲಪ್ಪಣ್ಣ. “ಅಕ್ಕ, ನನಗೊಂದು ಬಾಟ್ಲಿ ಇರ್ಲಿ.”

“ನನಗೂ ಒಂದು” ಎಂದರು ಬೆಲ್ಲಕ್ಕೆ ಬಂದವರು. ಚೀಲಕ್ಕೆ ಇಳಿದಿದ್ದ ಬಾಟ್ಲಿಗಳು ಶೆಲ್ಫಿಗೆ ಮರಳಲೇ ಇಲ್ಲ. ಚೀಲದಿಂದಲೇ ಖಾಲಿಯಾದವು. ಅಮ್ಮ ಅಂದು ಬಂಕಿನ ಅಂಗಳದಲ್ಲಿ ನಿಂತ ಭಂಗಿ ನೋಡಬೇಕಿತ್ತು, ಪಾದಸ್ಪರ್ಶದ ದಿನಗಳ ಅಪ್ಪನನ್ನೂ ಮೀರಿಸುವಂತಿತ್ತು.

ಅಪ್ಪ ಸಾಹೇಬರ ಕೈ ಹಿಡಿದು, “ನಿಮ್ಮ ಪೆಟ್ರೋಲ್ ಶುದ್ಧ. ನಾನು ಹೇಳಿದ್ದು ತಪ್ಪಾಯ್ತು” ಎಂದರು. ಆಮೇಲೆ ಸ್ವಲ್ಪ ತಡೆದು, “ಆದ್ರೂ ಕ್ರಯ ಹೆಚ್ಚೇ” ಎಂದರು. ಸಾಹೇಬರು ಇನ್ನೊಂದು ಲೋಟ ಶರಬತ್ತು ಕೊಟ್ಟರು. ಈ ಸಲ ಅಪ್ಪ ಕುಡಿದರು.

ಇನ್ನು ಉಳಿದದ್ದು ತಳ್ಳುವ ವಿಷಯ.

“ಗಾಡಿ ತಳ್ಳಿಕೊಂಡು ಬರ್ಬೇಕು ಅಂತ ಮಾತಾಗಿತ್ತು” ಎಂದರು ಅಮ್ಮ.

“ಮಾತು ಮಾತೇ. ನಾನು ತಪ್ಪುವವನಲ್ಲ” ಎಂದು ಅಪ್ಪ ಹ್ಯಾಂಡಲ್ ಹಿಡಿದು, ಅದನ್ನು ನನ್ನ ಕೈಗೆ ಕೊಟ್ಟರು. “ನಿನ್ನ ಎಣ್ಣೆ ಹಾಕಿದವಳು ಇವಳು. ತಳ್ಳುದು ಇವಳ ಹಕ್ಕು. ನಾನು ಹಿಂದಿನಿಂದ ಬರ್ತೇನೆ, ಮರ್ಯಾದೆಗೆ.”

ಬಂಟ್ವಾಳದ ಬಸ್ಸಿನವರು ಒಂದು ಬದಿ, ಮೂಡುಬಿದಿರೆಯ ಬಸ್ಸಿನವರು ಇನ್ನೊಂದು ಬದಿ. ನಡುವೆ ಒಂದೇ ಕಿಕ್ಕಿನ ಮನೆತನದ ಮೆರವಣಿಗೆ ಹೋಯಿತು. ತಲೆ ಬಗ್ಗಿಸಿ ತಳ್ಳಿದೆ. ಆದರೂ ಹೇಳುತ್ತೇನೆ, ಒಂದೇ ಒಂದು ಕಡೆಯೂ ಸ್ಕೂಟರ್ ವಾಲದಂತೆ, ಬಣ್ಣಕ್ಕೆ ಒಂದು ಗೀರೂ ಬೀಳದಂತೆ ಬಹಳ ಅಚ್ಚುಕಟ್ಟಾಗಿ ತಳ್ಳಿದೆ.

ಎಂಜಿನ್ ತೊಳೆಸಿ ನೀಲಿ ಎಣ್ಣೆ ಹಾಕಿದ ಮೇಲೆ ಸ್ಕೂಟರ್ ಮತ್ತೆ ಒಂದೇ ಕಿಕ್ಕಿಗೆ ಏಳತೊಡಗಿತು. ಈಗ ನನಗೆ ಅದನ್ನು ತೊಳೆಯಲು ಮಾತ್ರ ಅನುಮತಿ, ಅದೂ ಅಪ್ಪ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿದ ಮೇಲೆ. ಕೆಲವು ದಿನ ಕಳೆದು ಶುಕೂರ್ ಸಾಹೇಬರು ಹೇಳಿಕಳುಹಿಸಿದರು: “ಅಕ್ಕನ ಎಣ್ಣೆಗೆ ಒಂದು ಬೋರ್ಡ್ ಬೇಕು. ಮಗಳ ಅಕ್ಷರ ಚಂದ ಉಂಟು. ಅವಳೇ ಬರೀಲಿ.” ಬರೆಯಬೇಕಾದ ಮಾತನ್ನೂ ಅವರೇ ಕಳುಹಿಸಿದ್ದರು.

ನಾನು ಪೆನ್ಸಿಲಿನಲ್ಲಿ ಗೆರೆ ಎಳೆದು, ಕೆಂಪು ಬಣ್ಣದಲ್ಲಿ, ಒಂದು ಒತ್ತಕ್ಷರವೂ ಗೆರೆ ದಾಟದಂತೆ ಬರೆದೆ:

‘ಶಶಿಪ್ರಭಕ್ಕನ ತೆಂಗಿನೆಣ್ಣೆ. ಸ್ಕೂಟರ್ ಪರೀಕ್ಷೆಯಲ್ಲಿ ಪಾಸ್.’

ಬೋರ್ಡನ್ನು ಕಣ್ಣಿನ ಎತ್ತರದ ಶೆಲ್ಫಿನ ಮೇಲೆ ತೂಗುಹಾಕಿದಾಗ ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ಒಂದೊಂದೇ ಅಕ್ಷರ ಓದಿದರು. ಕಣ್ಣಲ್ಲಿ ನೀರು ತುಂಬಿತು. ನನ್ನ ಅಕ್ಷರಕ್ಕೇ ಇರಬೇಕು ಎಂದು ನಾನು ನಾಚಿ ತಲೆ ಬಗ್ಗಿಸಿದೆ. ಅಮ್ಮ ನನ್ನ ಬೆನ್ನು ತಟ್ಟಿ, ಅಂಗಡಿಯಿಡೀ ಕೇಳುವಂತೆ ಹೇಳಿದರು:

“ಅಂತೂ ನಮ್ಮ ಮನೆಯಿಂದಲೂ ಒಬ್ಬರು ಪಾಸಾದರು ಮಗಾ!”